ಹೊಸ್ತಿಲಾಚೆಯಿಂದ ಎತ್ತಿದ ಕೈ

ಜಂಬಕ್ಕ ಪಂಚಾಯ್ತಿ ಬೋರ್ಡಿನ ಮೆಂಬರಾಗುವುದು ಊರಲ್ಲಿ ಯಾರಿಗೂ ಬೇಕಾಗಿರಲಿಲ್ಲ. ಮೊದಮೊದಲು ಜಂಬಕ್ಕನಿಗೂ ಬೇಕಾಗಿರಲಿಲ್ಲ. ಬೋರ್ಡಿಗೆ ಒಬ್ಬ ಹೆಂಗಸನ್ನು ಸೇರಿಸಿಕೊಳ್ಳಿ ಎಂದು ಮದ್ರಾಸಿನ ಸರಕಾರದ ಕಡೆಯಿಂದ ಮಾತು ಬಂತು. ಕಂಪ್ಲಿಗೂ ಹೊಸಪೇಟೆಗೂ ನಡುವೆ ಬಿದ್ದಿರುವ ನಮ್ಮಂಥ ಸಣ್ಣ ಊರಲ್ಲಿ ಸಹಿ ಹಾಕಲು ಬರುವ ಹೆಂಗಸರು ಎಷ್ಟು ಜನ ಇದ್ದಾರು? ಕಂಪ್ಲಿಯ ತವರಿನಲ್ಲಿ ನಾಲ್ಕಕ್ಷರ ಕಲಿತು ಬಂದಿದ್ದ ಜಂಬಕ್ಕನ ಹೆಸರು ಹೋಯಿತು. ಅಧ್ಯಕ್ಷ ಮರುಳಸಿದ್ದಪ್ಪ, ಅಕ್ಕಿ ಗಿರಣಿಯ ಸಾಹುಕಾರ, "ಕುಂದ್ರಲಿ ಬಿಡ್ರಿ, ದೀಪದ ಕಂಬ ಇದ್ದಂಗ ಇರತಾಳ" ಎಂದು ನಕ್ಕ. ಒಂದು ವರ್ಷ ಹಾಗೆಯೇ ಇದ್ದಳು. ಬಾಗಿಲ ಪಕ್ಕದ ಕುರ್ಚಿಯಲ್ಲಿ ಸೆರಗು ಹೊದ್ದು ಕೂತು, ಎಲ್ಲರೂ ಕೈ ಎತ್ತಿದಾಗ ತಾನೂ ಎತ್ತುತ್ತಿದ್ದಳು.

ಆಮೇಲೆ ಹಿರಿಮಗಳು ಹೊಳೆಮ್ಮ ಸತ್ತಳು. ಚೊಚ್ಚಲ ಹೆರಿಗೆ, ಕೂಸು ಅಡ್ಡ ತಿರುಗಿತ್ತು. ಊರ ಸೂಲಗಿತ್ತಿ ದ್ಯಾಮಕ್ಕ ಕೈಚೆಲ್ಲಿದ ಮೇಲೆ ಹೊಸಪೇಟೆಯ ಆಸ್ಪತ್ರೆಗೆಂದು ಗಾಡಿ ಕಟ್ಟಿದರು. ಕಾಲುವೆಯ ಸೇತುವೆ ದಾಟುವಷ್ಟರಲ್ಲಿ, ಅವ್ವನ ಕೈ ಹಿಡಿದುಕೊಂಡೇ, ಹುಡುಗಿಯ ಜೀವ ಹೋಯಿತು. ಅದಾದ ಮೇಲಿನ ಸಭೆಯಲ್ಲಿ ದೀಪದ ಕಂಬಕ್ಕೆ ಬಾಯಿ ಬಂತು. ಊರಿಗೆ ಕಲಿತ ನರ್ಸಮ್ಮ ಒಬ್ಬಳು ಬೇಕು ಎಂದಳು ಜಂಬಕ್ಕ.

ಬೇಕು ಅನ್ನುವುದು ಸುಲಭ. ಬೋರ್ಡಿನ ಆರು ಗಂಡಸರಲ್ಲಿ ಮೂವರು ಹೂಂ ಅಂದರು, ಮೂವರು ಊಹೂಂ ಅಂದರು. ಮರುಳಸಿದ್ದಪ್ಪನಿಗೆ ಅದೇ ದುಡ್ಡಿನಲ್ಲಿ ಗಿರಣಿಯ ದಾರಿಗೆ ಗರಸು ಕಲ್ಲು ಹಾಕಿಸುವ ಆಸೆ. ಜಂಬಕ್ಕನ ಕೈ ಸೇರಿದರೆ ನರ್ಸಮ್ಮನ ಕಡೆಗೆ ನಾಲ್ಕು. ಬಳ್ಳಾರಿಯಲ್ಲಿ ಕಲಿತವಳೊಬ್ಬಳು ಬರಲು ಒಪ್ಪಿದ್ದಳು. ಈ ಸಭೆಯಲ್ಲಿ ಠರಾವು ಆಗದಿದ್ದರೆ ಬೇರೆ ಊರಿಗೆ ಹೋಗುವವಳು. ಇತ್ತ ಮನೆಯಲ್ಲಿ ಕಿರಿಮಗಳು ಪಂಪಮ್ಮ, ಅವಳೂ ಚೊಚ್ಚಲ ಬಸುರಿ, ತವರಿಗೆ ಬಂದು ಕೂತಿದ್ದಳು. ಆಕೆಯ ಹೊಟ್ಟೆ ಕಂಡಾಗಲೆಲ್ಲ ಜಂಬಕ್ಕನಿಗೆ ಆ ಸೇತುವೆ ಕಾಣುತ್ತಿತ್ತು.

ಗಂಡ ಅಂಜಿನಯ್ಯ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ನಾಲ್ಕು ಮಾತು ಬೈದು ಸುಮ್ಮನಾಗಬಹುದಿತ್ತು. ಮಗಳು ಸತ್ತಾಗ ಅವನೂ ತಲೆ ಚಚ್ಚಿಕೊಂಡು ಅತ್ತವನೇ. ಆದರೆ ಅವನ ಗಾಡಿಗಳು ಭತ್ತ ಹೊರುವುದು ಮರುಳಸಿದ್ದಪ್ಪನ ಗಿರಣಿಗೆ. ಅಕ್ಕಿಯ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ ಅನ್ನುತ್ತಾರಲ್ಲ, ಆ ಜಾತಿಯ ಮನುಷ್ಯ.

ಸಭೆಯ ದಿನ ಬೆಳಿಗ್ಗೆ ಬೋರ್ಡಿನ ಜವಾನ ಹುಲುಗಪ್ಪ ಕರೆಯಲು ಬರಲಿಲ್ಲ. ಕಾದು ಕಾದು ಜಂಬಕ್ಕ ತಾನೇ ಹೊರಟಳು. ಬಾವಿಯ ಹತ್ತಿರ ದ್ಯಾಮಕ್ಕ ತನ್ನ ಕೊಡವನ್ನು ಸರಕ್ಕನೆ ಪಕ್ಕಕ್ಕೆ ಎಳೆದುಕೊಂಡಳು.

"ಯಾಕಬೇ, ಇಂಥಾದ್ರಾಗ ಓಣ್ಯಾಗ ತಿರಗತೀ? ಮೂರು ದಿನ ಹಿತ್ತಲದಾಗ ಕುಂದ್ರಾಕ ಆಗೂದಿಲ್ಲೇನು?"

"ಯಾರಂದ್ರು ನಿನಗ?"

"ನಿನ್ನ ಗಂಡನೇ ಹುಲುಗಪ್ಪಗ ಹೇಳಾಕ್ಹತ್ತಿದ್ದ. ನಮ್ಮಾಕಿ ಮುಟ್ಟಾಗ್ಯಾಳ, ಈ ಹೊತ್ತು ಸಭಾಕ್ಕ ಬರೂದಿಲ್ಲ ಅಂತ."

ಜಂಬಕ್ಕ ಮುಟ್ಟಾಗಿರಲಿಲ್ಲ. ಬಾವಿಕಟ್ಟೆಯ ಹೆಂಗಸರ ಮುಂದೆ ಆಕೆಯ ಮುಖ ಕೆಂಪಾಯಿತು. ಬೈದಿದ್ದರೆ, ಬಾಗಿಲಿಗೆ ಚಿಲಕ ಹಾಕಿದ್ದರೆ ತಡೆದುಕೊಳ್ಳುತ್ತಿದ್ದಳು. ಈ ಮನುಷ್ಯ ಆಕೆಯ ಮೈಯನ್ನೇ ಆಕೆಯ ಮೇಲೆ ಸಾಕ್ಷಿಗೆ ಕರೆದಿದ್ದ. ಮನೆಗೆ ತಿರುಗಿ ಹೋಗಬೇಕು ಅನ್ನಿಸಿತು. ಕಾಲುಗಳು ಮಾತ್ರ ಸಭೆ ಕೂಡುವ ಚಾವಡಿಯ ಕಡೆಗೇ ನಡೆದವು.

ಚಾವಡಿಯ ಜಗುಲಿಯ ಮೇಲೆ ಕೂತಿದ್ದ ಅಂಜಿನಯ್ಯ ಹೆಂಡತಿಯನ್ನು ಕಂಡವನೇ ನೆಲ ನೋಡಿದ. ಆಕೆ ಒಳಗೆ ಕಾಲಿಟ್ಟದ್ದೇ ತಡ, ಮರುಳಸಿದ್ದಪ್ಪ ಎದ್ದು ನಿಂತ. ಅವನ ಕಡೆಯ ಇಬ್ಬರೂ ಎದ್ದರು.

"ಜಂಬಕ್ಕಾರ, ನೀವು ತಿಳಿದವರು. ಇಂಥಾ ಹೊತ್ತಿನ್ಯಾಗ ಬರಬಾರದಿತ್ತು. ನೀವು ಒಳಗ ಇದ್ರ ನಾವು ಕುಂದ್ರಾಂಗಿಲ್ಲ."

ಹಿರಿಯ ಮೆಂಬರ್ ಕೊಟ್ರಯ್ಯ ಕೂತಲ್ಲಿಂದ ಅಲುಗಲಿಲ್ಲ. "ಏನೋ ಮರುಳಸಿದ್ದಪ್ಪ, ಕೊರಳಾಗ ಲಿಂಗ ಕಟ್ಟಿದ ನಮಗ ಎಲ್ಲಿ ಸೂತಕನೋ? ಯಾವಾಗಿಂದ ಹಿಡಕೊಂಡಿ ಈ ಮಡಿ?" ಎಂದು ಕೆಣಕಿದ.

"ನನ್ನದಲ್ಲ ಮುತ್ಯಾ, ಊರಿನ ಮಾತು," ಅಂದ ಸಾಹುಕಾರ. ಮೂವರೂ ಅಂಗಳಕ್ಕೆ ಇಳಿದರು. ಐದು ಜನ ಒಳಗಿಲ್ಲದಿದ್ದರೆ ಸಭೆ ನಡೆಯುವ ಹಾಗಿಲ್ಲ. ಆಕೆಯನ್ನು ಬಿಟ್ಟು ಕೂತರೆ ಮೂರಕ್ಕೆ ಮೂರು, ಅಧ್ಯಕ್ಷನ ಮಾತೇ ನಡೆದು ಅವನದೇ ಗೆಲುವು, ಕೂಡದಿದ್ದರೂ ಅವನದೇ ಗೆಲುವು.

ಹಡೆದವ್ವನ ಮುಂದೆ ಆಡಲೂ ನಾಚುವ ಮಾತನ್ನು ಜಂಬಕ್ಕ ಆರು ಜನ ಗಂಡಸರ ಮುಂದೆ ಆಡಬೇಕಿತ್ತು. ಆಡಿದಳು.

"ನಾನು ಮುಟ್ಟಾಗಿಲ್ಲ."

"ಹಂಗಾದ್ರ ನಿಮ್ಮ ಯಜಮಾನ್ರು ಸುಳ್ಳು ಹೇಳಿದ್ರೇನು?" ಮರುಳಸಿದ್ದಪ್ಪ ಜಗುಲಿಯ ಕಡೆ ತಿರುಗಿದ. "ಹೇಳಪಾ ಅಂಜಿನಯ್ಯ, ಸುಳ್ಳೋ ಖರೇನೋ?"

ಅಂಜಿನಯ್ಯ ಹೆಂಡತಿಯ ಮುಖ ನೋಡಿದ, ಸಾಹುಕಾರನ ಮುಖ ನೋಡಿದ. "ಖರೇನ ಐತ್ರಿ" ಎಂದ.

ಗಂಡನ ಮಾತಿನ ಮುಂದೆ ಹೆಂಡತಿಯ ಮಾತು ಯಾವ ಚಾವಡಿಯಲ್ಲಿ ನಿಂತೀತು? ಜಂಬಕ್ಕ ಹೊರಬಿದ್ದಳು. ಮೆಟ್ಟಿಲ ಮೇಲೆ ನಿಂತಾಗ ಅವಳಿಗೆ ತನ್ನ ಮನೆಯ ಹಿತ್ತಲು ನೆನಪಾಯಿತು. ಪ್ರತಿ ತಿಂಗಳು ಮೂರು ದಿನ ಅಲ್ಲಿ ಕೂತು, ಉಪ್ಪು ಎಷ್ಟು, ಖಾರ ಎಷ್ಟು, ಯಾವ ಎಮ್ಮೆಗೆ ಹಿಂಡಿ ಎಂದು ಕೂಗಿ ಕೂಗಿ ಹೇಳಿ ಸಂಸಾರ ನಡೆಸಿದವಳು ಅವಳು. ಹೊರಗೆ ಕೂತ ಹೆಂಗಸಿನ ಮಾತಿಗೆ ಮೈಲಿಗೆ ಎಂದು ಯಾವ ಗಂಡಸೂ ಇದುವರೆಗೆ ಊಟ ಬಿಟ್ಟಿಲ್ಲ.

ಮೂಲೆಯಲ್ಲಿದ್ದ ಗೋಣಿತಟ್ಟನ್ನು ತೆಗೆದುಕೊಂಡು ಹೊಸ್ತಿಲ ಆಚೆ ಹಾಸಿ ಕೂತಳು.

"ಆತ ಹೇಳಿದ್ದು ಖರೆ. ನಾನು ಮುಟ್ಟಾಗೀನಿ. ಅದಕ್ಕ ಹೊರಗ ಕುಂತೀನಿ. ನೀವು ಒಳಗ ಹೋಗ್ರಿ ಸಾಹುಕಾರ್ರ, ಸಭಾ ನಡೀಲಿ. ನನ್ನ ಕೈ ಇಲ್ಲಿಂದನೂ ಕಾಣತೈತಿ."

ಕೊಟ್ರಯ್ಯ ಹೊಟ್ಟೆ ಹಿಡಿದುಕೊಂಡು ನಕ್ಕ. ಮರುಳಸಿದ್ದಪ್ಪನಿಗೆ ಬೇರೆ ನೆಪ ಹೊಳೆಯಲಿಲ್ಲ. ಮೂವರೂ ಒಳಗೆ ಹೋಗಿ ಕೂತರು. ನರ್ಸಮ್ಮನ ಮಾತು ಬಂದಾಗ ಒಳಗೆ ಮೂರು ಕೈ, ಹೊಸ್ತಿಲಾಚೆ ಒಂದು ಕೈ ಎದ್ದವು. ಠರಾವು ಆಯಿತು. ಬರುವ ತಿಂಗಳು ನರ್ಸಮ್ಮ ಬರುತ್ತಾಳೆ.

ಆಡಿದ್ದನ್ನು ಉಳಿಸಿಕೊಳ್ಳಬೇಕಲ್ಲ. ಮನೆಯೊಳಗೆ ಕಾಲಿಟ್ಟರೆ, ಸಭೆಯಲ್ಲಿ ಸುಳ್ಳಾಡಿದಳು ಎಂದು ಮರುಳಸಿದ್ದಪ್ಪ ಠರಾವನ್ನೇ ಕೆದಕಿಯಾನು. ಜಂಬಕ್ಕ ಹಿತ್ತಲಲ್ಲಿ ಕೂತಳು. ಬೇರೆ ತಟ್ಟೆ, ಬೇರೆ ತಂಬಿಗೆ. ಆ ದಿನದ ರೊಟ್ಟಿಯಷ್ಟು ರುಚಿಯಾದ ರೊಟ್ಟಿಯನ್ನು ಆಕೆ ತಿಂದೇ ಇರಲಿಲ್ಲ. ಅಂಜಿನಯ್ಯ ಹತ್ತಿರ ಸುಳಿಯಲಿಲ್ಲ.

ಮರುದಿನ ಮಧ್ಯಾಹ್ನ ಪಂಪಮ್ಮನಿಗೆ ನೋವು ಬಂತು. ಇನ್ನೂ ದಿನ ತುಂಬಿರಲಿಲ್ಲ. ದ್ಯಾಮಕ್ಕ ಓಣಿಯ ಇಬ್ಬರು ಹೆಂಗಸರನ್ನು ಕರೆದುಕೊಂಡು ಬಂದಳು. ಜಂಬಕ್ಕ ಎದ್ದು ಬಾಗಿಲಿಗೆ ಓಡಿದಳು. ದ್ಯಾಮಕ್ಕ ಎರಡೂ ಕೈ ಅಡ್ಡ ಚಾಚಿದಳು.

"ನೀ ಬರಬ್ಯಾಡ. ಮುಟ್ಟಾದವರ ನೆರಳು ಬಿದ್ರ ಕೂಸಿಗೆ ಆಗಿಬರೂದಿಲ್ಲ."

"ನಾನು ಮುಟ್ಟಾಗಿಲ್ಲ ದ್ಯಾಮಕ್ಕ. ಅದು ಸುಳ್ಳು."

"ನಿನ್ನಿ ಊರ ಮುಂದ ಹೌದಂದಿ. ಈಗ ಮಗಳ ಸಲುವಾಗಿ ಅಲ್ಲಂತಿ. ನೀನು ಕಾಲಿಟ್ರ ನಾನು ಕೈ ತೊಳಕೊಂಡು ಹೋಗತೀನಿ. ಆಮ್ಯಾಲ ನಿನ್ನ ನರ್ಸಮ್ಮನೇ ಬರಲಿ."

ಒಳಗಿನಿಂದ ಪಂಪಮ್ಮ "ಅವ್ವಾ" ಎಂದಳು. ಜಂಬಕ್ಕ ಗಂಡನ ಕಡೆ ತಿರುಗಿದಳು. ಪಡಸಾಲೆಯ ಕಂಬಕ್ಕೆ ಆತು ನಿಂತಿದ್ದ ಅಂಜಿನಯ್ಯನ ಕಣ್ಣಲ್ಲಿ ನೀರಿತ್ತು.

"ಹೇಳ್ರಿ," ಎಂದಳು. "ಈಗರ ಹೇಳ್ರಿ."

"ದ್ಯಾಮಕ್ಕ, ತಪ್ಪು ನಂದು," ಎಂದ ಅವನು. "ನಾನು ಸುಳ್ಳು ಹೇಳಿದ್ದೆ. ಸಾಹುಕಾರ ಹೇಳು ಅಂದಿದ್ದ, ಹೇಳಿದೆ."

ದ್ಯಾಮಕ್ಕ ಅವನನ್ನು ನೋಡಿದಳು, ಇವಳನ್ನು ನೋಡಿದಳು. "ನಿನ್ನಿ ಇಬ್ರೂ ಹೌದಂದ್ರಿ, ಇವತ್ತು ಇಬ್ರೂ ಅಲ್ಲಂತೀರಿ. ಯಾವುದನ್ನ ನಂಬಲಿ? ಹೊಳೆಮ್ಮನ್ನ ಕಳಕೊಂಡದ್ದು ಸಾಕು. ಈಕೀನ ನಾನು ಉಳಿಸಿಕೊಳ್ಳತೀನಿ." ಬಾಗಿಲು ಮುಚ್ಚಿತು.

ತಳ್ಳಿದರೆ ತೆರೆಯುವ ಬಾಗಿಲು ಅದು. ತಳ್ಳಿದರೆ ದ್ಯಾಮಕ್ಕ ಎದ್ದು ಹೋಗುತ್ತಾಳೆ, ಮಗಳ ಬಳಿ ಬೇರೆ ಯಾರೂ ಇಲ್ಲ. ಜಂಬಕ್ಕ ಗೋಡೆಗೆ ಬೆನ್ನು ಕೊಟ್ಟು ಹೊರಗೆ ಕುಸಿದಳು. ಹೊರಗಿನಿಂದಲೇ ಕೂಗಿದಳು: "ಹಲ್ಲು ಕಚ್ಚು ನನ್ನವ್ವ, ಇಲ್ಲೇ ಅದೀನಿ, ಇಲ್ಲೇ ಅದೀನಿ." ಎಲ್ಲ ಕೆಲಸಕ್ಕೂ ಸಾಲುತ್ತಿದ್ದ ಆ ಕೂಗು ಈ ಕೆಲಸಕ್ಕೆ ಸಾಲಲಿಲ್ಲ. ಸಂಜೆಯ ಹೊತ್ತಿಗೆ ಕೂಸು ಅತ್ತಿತು. ಹೆಣ್ಣು, ಗುಬ್ಬಿಯಷ್ಟೇ ಸಣ್ಣದು. ತಾಯಿ ಉಳಿದಳು, ಕೂಸೂ ಉಳಿಯಿತು.

ನಾಲ್ಕನೆಯ ದಿನ ತಲೆಗೆ ನೀರೆರೆದುಕೊಂಡು ಜಂಬಕ್ಕ ಒಳಗೆ ಹೋದಳು. ಪಂಪಮ್ಮ ಬೆಳ್ಳಗಾಗಿ ಮಲಗಿದ್ದಳು. ಜಂಬಕ್ಕ ಮಂಚದ ಅಂಚಿಗೆ ಕೂತು, ನರ್ಸಮ್ಮ ಬರುವ ಸುದ್ದಿ ಹೇಳಿದಳು. ಇನ್ನು ಯಾರ ಮಕ್ಕಳೂ ಗಾಡಿಯಲ್ಲಿ ಸಾಯಬೇಕಾಗಿಲ್ಲ ಎಂದಳು. ಹೇಳುತ್ತಾ ಮಗಳ ಕೈ ಹಿಡಿಯಲು ಹೋದಳು.

ಪಂಪಮ್ಮ ಕೈಯನ್ನು ಕೌದಿಯೊಳಗೆ ಎಳೆದುಕೊಂಡಳು.

"ಅಕ್ಕ ಸಾಯೂ ಮುಂದ ಕೈ ಹಿಡಕೊಂಡಿದ್ದಿಯಲ್ಲವ್ವ," ಎಂದಳು. "ನನ್ನ ಕೈ ಯಾಕ ಹಿಡೀಲಿಲ್ಲ?"