ಅಟ್ಟ ಸೇರಿದ ಮೆಷಿನ್

ಬೀದಿಯ ಹುಡುಗರು ಅವಳ ಗಂಡನಿಗೆ ಕುಕ್ಕರ್ ಎಂದು ಹೆಸರಿಟ್ಟಿದ್ದರು. ಯಾವಾಗ ಸೀಟಿ ಹೊಡೆಯುತ್ತಾನೋ ಯಾರಿಗೂ ಗೊತ್ತಿರಲಿಲ್ಲ. ಮದುವೆಯಾದ ಹೊಸತರಲ್ಲೇ, ಮೂವತ್ತೂ ತುಂಬದ ಗಂಡಸಿಗೆ ಬಿಪಿ ಬಂತು. ಅತ್ತೆ ಕೂತಲ್ಲೇ ಕಾರಣ ಕಂಡುಹಿಡಿದುಬಿಟ್ಟರು: ಸೊಸೆ. ಅವಳ ಕೈಯ ಉಪ್ಪು, ಅವಳ ಬಾಯಿ, ಎಲ್ಲಕ್ಕಿಂತ ಹೆಚ್ಚಾಗಿ ಅವಳ ಹೊಲಿಗೆ ಮೆಷಿನ್ನಿನ ಸದ್ದು.

ತವರಿನಿಂದ ತಂದ ಕಾಲಿನಿಂದ ತುಳಿಯುವ ಮೆಷಿನ್ ಅದು. ಅರ್ಧ ಬೀದಿಯ ಮಕ್ಕಳ ಯೂನಿಫಾರ್ಮ್ ಅವಳೇ ಹೊಲಿಯುತ್ತಿದ್ದಳು. ಅದು ಟಕಟಕ ಎಂದರೆ ಮಗನ ತಲೆಗೆ ರಕ್ತ ಏರುತ್ತದೆ ಎಂದು ಅತ್ತೆ ಪಟ್ಟು ಹಿಡಿದರು. ಮೆಷಿನ್ ಅಟ್ಟ ಸೇರಿತು. ಅವಳು ಹೆಜ್ಜೆ ಸಪ್ಪಳವಾಗದಂತೆ ನಡೆದಳು, ಪಾತ್ರೆಯನ್ನು ಬಟ್ಟೆಯ ಮೇಲಿಟ್ಟಳು, ಸಪ್ಪೆ ಅಡುಗೆಯನ್ನೇ ತಾನೂ ಉಂಡಳು. ಬಿಪಿ ಮಾತ್ರ ಜಪ್ಪಯ್ಯ ಅಂದರೂ ಇಳಿಯಲಿಲ್ಲ. ವರ್ಷಗಳು ಉರುಳಿದಂತೆ ಮಾತ್ರೆ ಒಂದಿದ್ದದ್ದು ಮೂರಾಯಿತು. ಅಳೆದಾಗಲೆಲ್ಲ ಇವತ್ತು ಅವನಿಗೇನಂದೆ ಎಂದು ಅತ್ತೆ ಅವಳನ್ನು ಕೇಳುತ್ತಿದ್ದರು.

ಹೊಸದಾಗಿ ಬಂದ ಡಾಕ್ಟರಮ್ಮ, ಇಷ್ಟು ಮಾತ್ರೆಗೂ ಬಗ್ಗದಿದ್ದರೆ ಕಿಡ್ನಿಯನ್ನೊಮ್ಮೆ ನೋಡಲೇಬೇಕು ಎಂದು ಸ್ಕ್ಯಾನ್ ಮಾಡಿಸಿದರು. ಆಮೇಲೆ ಮೂವರನ್ನೂ ಎದುರಿಗೆ ಕೂರಿಸಿಕೊಂಡರು. ಎಡಗಡೆಯ ಕಿಡ್ನಿ ಬಲಗಡೆಯದರ ಅರ್ಧದಷ್ಟೇ ಇತ್ತು. ಅದಕ್ಕೆ ಹೋಗುವ ರಕ್ತನಾಳ ಹುಟ್ಟಿನಿಂದಲೇ ಕಿರಿದು.

“ಆ ಕಿಡ್ನಿಗೆ ರಕ್ತ ಸಾಲ್ತಿಲ್ಲ. ಅದು ಇಡೀ ಮೈಯಲ್ಲೇ ರಕ್ತ ಕಮ್ಮಿಯಾಗಿದೆ ಅಂದ್ಕೊಂಡು, ಒತ್ತಡ ಏರಿಸಿ ಅಂತ ಹುಕುಂ ಮಾಡ್ತಾನೇ ಇದೆ,” ಎಂದರು. “ಉಪ್ಪು ಕಮ್ಮಿ ಮಾಡಿದ್ದು ಒಳ್ಳೇದೇ. ಆದ್ರೆ ಮೂಲ ಇದು. ನಾಳ ಅಗಲ ಮಾಡಿ ನೋಡೋಣ.”

ಅವಳು ಕೇಳಿದ್ದು ಒಂದೇ. “ಹೊಲಿಗೆ ಮೆಷಿನ್ ಸದ್ದಿಗೆ ಹಿಂಗಾಗುತ್ತಾ ಡಾಕ್ಟ್ರೇ?”

ಡಾಕ್ಟರಮ್ಮನಿಗೆ ನಗು ಬಂತು. “ಕಿಡ್ನಿಗೆ ಕಿವಿ ಎಲ್ಲಿದೆಯಮ್ಮ?”

ಅವಳು ಗಂಡನತ್ತ ನೋಡಿದಳು. ಅವನು ಅಂಗಿಯ ತೋಳಿನ ಗುಂಡಿ ಹಾಕಿಕೊಳ್ಳುತ್ತಿದ್ದ. ದಾರಿಯುದ್ದಕ್ಕೂ ಒಂದೇ ಒಂದು ಮಾತಿಗಾಗಿ ಕಾದಳು. ತಪ್ಪಾಯ್ತು ಅನ್ನದಿದ್ದರೂ ಸರಿ, ಪಾಪ ನೀನು ಅಂದಿದ್ದರೂ ಸಾಕಿತ್ತು. ಅವನು ಬಸ್ಸಿನಲ್ಲಿ ಸೀಟು ಸಿಗಲಿಲ್ಲವೆಂದು ಗೊಣಗಿದ.

ಮನೆ ಮುಟ್ಟುವಷ್ಟರಲ್ಲಿ ಪಕ್ಕದ ಮನೆಯಾಕೆ ಬಾಗಿಲಲ್ಲಿದ್ದರು, ಏನಂದರು ಎಂದು ವಿಚಾರಿಸಲು. ಅತ್ತೆಗೆ ಮಾತು ತಯಾರಾಗಿಯೇ ಇತ್ತು. “ಒಂದು ಕಿಡ್ನಿ ಸಣ್ಣಗಾಗೋಗಿದೆಯಂತೆ ಕಣ್ರೀ. ಆಗದೆ ಇನ್ನೇನು, ಇವಳ ಜೊತೆ ಬಾಳ್ವೆ ಮಾಡಿ.”

ಗಂಡ ಕೇಳಿಸಿಕೊಂಡು ಕಾಲುಚೀಲ ಬಿಚ್ಚುತ್ತಾ ಕೂತ. ‘ಹುಟ್ಟಿನಿಂದ’ ಎಂಬ ಒಂದು ಮಾತು ಅವನ ಬಾಯಿಂದ ಉದುರಲಿಲ್ಲ.

ಅವಳು ಏಣಿ ಹಾಕಿ ಅಟ್ಟ ಹತ್ತಿದಳು. ಮೊದಲು ಮೆಷಿನ್, ಆಮೇಲೆ ಅದರ ಕಬ್ಬಿಣದ ಕಾಲು, ಒಬ್ಬಳೇ ಇಳಿಸಿ ಜೋಡಿಸಿದಳು. ಕೂತು ಒಂದು ಸಲ ತುಳಿದಳು. ಒಣಗಿದ ಚರ್ಮದ ಬೆಲ್ಟು ಪಟ್ಟನೆ ತುಂಡಾಯಿತು.

ಹೊರಗಿನ ಕೋಣೆಯಿಂದ ಗಂಡ ಕೇಳಿದ. “ಈಗ್ಯಾಕೇ ಅದು? ಬಿಪಿ ಏರುತ್ತೆ ನಂಗೆ.”

“ಕಿಡ್ನಿಗೆ ಕಿವಿಯಿಲ್ವಂತೆ ರೀ.”

ಹೊಲಿಯಲು ಬಟ್ಟೆಯೂ ಇರಲಿಲ್ಲ. ಅಂದು ಅವಳಿಂದ ಯೂನಿಫಾರ್ಮ್ ಹೊಲಿಸಿಕೊಂಡ ಮಕ್ಕಳೆಲ್ಲ ಬೆಳೆದು ಕೆಲಸಕ್ಕೆ ಸೇರಿಯಾಗಿತ್ತು. ಅವಳು ಕೈಯಿಂದಲೇ ಚಕ್ರ ತಿರುಗಿಸಿದಳು. ತುಕ್ಕು ಹಿಡಿದ ಸೂಜಿ ಇಳಿದು ಎದ್ದಿತು. ಟಕ್. ಮತ್ತೆ ತಿರುಗಿಸಿದಳು.