ಬೀಬಿಜಾನಳ ಬಿಳಿ ಶಮೀಜು

ತಿಕೋಟಾದ ಸಂತೆಯಲ್ಲಿ ಬೀಬಿಜಾನ ಕೂಡುವ ಜಾಗಕ್ಕೆ ಬೇರೆ ಯಾರೂ ಗೋಣಿತಟ್ಟು ಹಾಸುತ್ತಿರಲಿಲ್ಲ. ಹಾಸಿದ ಒಬ್ಬಿಬ್ಬರು ಅವಳ ಬಾಯಿಗೆ ಸಿಕ್ಕು ಎದ್ದು ಹೋಗಿದ್ದರು. ಬೆಳಗಿನ ಬಸ್ಸಿಗೆ ವಿಜಾಪುರದಿಂದ ಬಂದಿಳಿದು ಗಂಟು ಬಿಚ್ಚುವಳು. ಒಂದು ಕಡೆ ಹುಡುಗಿಯರು ಅಂಗಿಯೊಳಗೆ ತೊಡುವ ಬಿಳಿ ಶಮೀಜು, ಇನ್ನೊಂದು ಕಡೆ ಹೆಂಗಸರು ಸೀರೆಯೊಳಗೆ ಉಡುವ ಪರಕಾರ. ಊಟದ ಹೊತ್ತಿಗೆ ಗಂಟು ಅರ್ಧ ಇಳಿದಿರುತ್ತಿತ್ತು.

ಹುಡುಗಿಗೆ ಹತ್ತು ತುಂಬಿತೆಂದರೆ ತಾಯಿ ಅವಳನ್ನು ಕರೆತಂದು ಬೀಬಿಜಾನಳ ಮುಂದೆ ನಿಲ್ಲಿಸಬೇಕು. ಬೀಬಿಜಾನ ಟೇಪು ಹಿಡಿಯುತ್ತಿರಲಿಲ್ಲ. ಭುಜದಿಂದ ಮೊಣಕಾಲಿನ ತನಕ ಒಮ್ಮೆ ಕಣ್ಣಾಡಿಸಿ, ಒಟ್ಟಿನ ನಡುವಿನಿಂದ ಒಂದು ಶಮೀಜು ಎಳೆದು ಕೊಡುವಳು. ಅದು ಸರಿಯಾಗಿಯೇ ಕೂಡುತ್ತಿತ್ತು.

"ಅಂಗಿ ಮಂದಿಗೆ, ಶಮೀಜು ಮರ್ಯಾದಿಗೆ," ಅನ್ನುವಳು. "ಇದು ಇಲ್ಲದ ಹುಡುಗಿ ಬಿಸಲಾಗ ನಿಂತ್ರ ಊರಿಗೆಲ್ಲಾ ಕಾಣತಾಳ."

ತಾಯಂದಿರು ಎದುರು ಮಾತಾಡುತ್ತಿರಲಿಲ್ಲ. ಇಪ್ಪತ್ತು ವರ್ಷ ಹೀಗೆಯೇ ನಡೆದಿತ್ತು.

ಮನೆ ಇದ್ದದ್ದು ವಿಜಾಪುರದ ಅಥಣಿ ರಸ್ತೆಯ ಬದಿಗೆ. ಗಂಡ ಅಮೀನಸಾಬ, ಮೈದುನ ಗೈಬುಸಾಬ ಇಬ್ಬರೂ ಅಂಗಳದಲ್ಲಿ ಅರಳೆ ಹಿಂಜಿ ಗಾದಿ ಮಾಡುವವರು. ಎರಡು ಸಂಸಾರಕ್ಕೂ ಒಂದೇ ಒಲೆ, ಒಂದೇ ಹೊಲಿಗೆ ಮಶೀನು. ಗೈಬುಸಾಬನ ಹೆಂಡತಿ ಪೀರಾಂಬಿ ಮಮದಾಪುರದಿಂದ ಮದುವೆಯಾಗಿ ಬಂದಾಗ ಅವಳಿಗೆ ಸೂಜಿಗೆ ದಾರ ಪೋಣಿಸಲೂ ಬರುತ್ತಿರಲಿಲ್ಲ. ಕಲಿಸಿದವಳು ಬೀಬಿಜಾನ. ಬೈದು, ಗಜಕಡ್ಡಿಯಿಂದ ಕೈಮೇಲೆ ಹೊಡೆದು, ಹೊಲಿದದ್ದನ್ನು ಬಿಚ್ಚಿಸಿ ಮತ್ತೆ ಹೊಲಿಸಿ ಕಲಿಸಿದಳು. ಆರು ವರ್ಷದಲ್ಲಿ ನೆಗೆಣ್ಣಿಯ ಕೈ ಕುದುರಿತು. ಅದರಿಂದ ಬೀಬಿಜಾನಳಿಗೆ ಹೆಮ್ಮೆಯೇನೂ ಆಗಲಿಲ್ಲ. ಬೈಸಿಕೊಳ್ಳುವಾಗ ಪೀರಾಂಬಿ ಬಾಯಿ ಮುಚ್ಚಿಕೊಂಡಿರುತ್ತಿದ್ದಳು, ಆದರೆ ಕಣ್ಣು ಕೆಳಗಿಳಿಸುತ್ತಿರಲಿಲ್ಲ. ಆ ಕಣ್ಣು ಬೀಬಿಜಾನಳಿಗೆ ಮೊದಲಿನಿಂದಲೂ ಸೇರುತ್ತಿರಲಿಲ್ಲ.

ಎಪ್ಪತ್ತೈದನೇ ಇಸವಿಯ ಬೇಸಿಗೆಗೆ ಶಮೀಜಿನ ಒಟ್ಟು ಇಳಿಯುವುದು ನಿಂತಿತು. ತಪ್ಪನ್ನು ಮೊದಲು ಬಿಸಿಲಿನ ಮೇಲೆ ಹಾಕಿದಳು, ಆಮೇಲೆ ರಜೆಯ ಮೇಲೆ. ಸಾಲಿ ಶುರುವಾದರೂ ಯಾರೂ ಹುಡುಗಿಯರನ್ನು ತಂದು ನಿಲ್ಲಿಸಲಿಲ್ಲ. ಒಂದು ಸಂತೆಯ ದಿನ ಪರಸವ್ವ ಕಂಡಳು. ತಿಕೋಟಾದ ಒಕ್ಕಲುತನದ ಮನೆಯವಳು, ಹಳೇ ಗಿರಾಕಿ. ಜೊತೆಗೆ ಹನ್ನೆರಡರ ಮಗಳು, ಹೊಸ ಟೆರಿಲಿನ್ ಅಂಗಿ ತೊಟ್ಟಿದ್ದಳು.

"ಏನ್ ಪರಸವ್ವಾ, ಮಗಳಿಗೆ ಶಮೀಜು ಬ್ಯಾಡನು? ಹಂಗ ಬಯಲಿಗೆ ಬಿಟ್ಟೀಯಲ್ಲ!"

ಪರಸವ್ವ ಆ ಕಡೆ ಈ ಕಡೆ ನೋಡಿದಳು. "ಅಂಗಿಗೇ ಅಸ್ತರ ಹಚ್ಚೈತಿ ಬೀಬಿಜಾನಕ್ಕ. ಬ್ಯಾರೆ ಶಮೀಜು ಯಾಕ ಮತ್ತ?"

ಹುಡುಗಿ ತಾನೇ ಬಾಯಿ ಹಾಕಿದಳು. "ಶಮೀಜಿನ ಪಟ್ಟಿ ತೋಳಿನಾಗಿಂದ ಜಾರಿ ಹೊರಗ ಬರತೈತ್ರಿ. ಸಾಲ್ಯಾಗ ನಗತಾರ. ಕುಂತ್ರ ಸೊಂಟದಾಗ ಮುದ್ದಿ ಆಗತೈತಿ. ಇದು ಹಂಗ ಆಗಂಗಿಲ್ಲ."

ಬೀಬಿಜಾನ ಹುಡುಗಿಯ ಅಂಗಿಯ ತುದಿ ಹಿಡಿದು ತಿರುವಿ ನೋಡಿದಳು. ಒಳಗೆ ಇನ್ನೊಂದು ಪದರವಾಗಿ ಬಿಳಿ ಅಸ್ತರ. ಎರಡೂ ಬಟ್ಟೆಯ ಅಂಚು ಒಳಕ್ಕೆ ಮಡಚಿ, ಒಂದು ಎಳೆಯೂ ಹೊರಗೆ ಕಾಣದಂತೆ ಮುಚ್ಚಿದ ಹೊಲಿಗೆ. ಆ ಹೊಲಿಗೆ ಈ ಸೀಮೆಯಲ್ಲಿ ಇಬ್ಬರಿಗೇ ಬರುತ್ತಿತ್ತು.

"ಯಾರು ಹೊಲದು ಕೊಟ್ಟರು?" ಎಂದಳು, ಗೊತ್ತಿದ್ದೂ.

"ನಿನ್ನ ನೆಗೆಣ್ಣೀನ. ನೀ ಬಬಲೇಶ್ವರ ಸಂತಿಗೆ ಹೋದ ದಿನ ನಾವು ನಿಮ್ಮ ಮನಿಗೇ ಹೋಗಿದ್ದಿವಿ. ಅಕಿ ನಿನಗ ಹೇಳಿಲ್ಲನು?"

ಬೀಬಿಜಾನ ಗಂಟು ಕಟ್ಟಿ ಮಧ್ಯಾಹ್ನದ ಬಸ್ಸಿಗೇ ಹತ್ತಿದಳು. ಮನೆ ಮುಟ್ಟಿದಾಗ ಪೀರಾಂಬಿ ಮಶೀನಿನ ಮುಂದೆ ಕೂತಿದ್ದಳು. ಕಾಲಬುಡದಲ್ಲಿ ಕತ್ತರಿಸಿದ ಅಸ್ತರದ ಬಟ್ಟೆ.

"ನಾ ಕಲಿಸಿದ ಹೊಲಿಗಿ, ನನ್ನ ಮಶೀನು, ನನ್ನ ಗಿರಾಕಿ," ಎಂದಳು ಬೀಬಿಜಾನ ಬಾಗಿಲಲ್ಲೇ ನಿಂತು. "ಉಂಡ ಮನಿ ಜಂತಿ ಎಣಸಾಕತ್ತೀಯಲ್ಲ ಲೇ ಪೀರಾಂಬಿ."

ಪೀರಾಂಬಿ ಕಾಲು ನಿಲ್ಲಿಸಿದಳು. "ಮಶೀನು ಅತ್ತಿದು ಅಕ್ಕಾ, ಇಬ್ಬರಿಗೂ ಬಿಟ್ಟು ಹೋಗ್ಯಾಳ. ಗಿರಾಕಿ ತಾವಾಗೇ ಬಂದಾರ. ಶಮೀಜು ಯಾರಿಗೂ ಬ್ಯಾಡಾಗೈತಿ, ನಿಮಗ ಹೇಳಾಕ ಅವರಿಗೆ ಅಂಜಿಕಿ. ನೀವೂ ಅಸ್ತರ ಹಚ್ರಿ, ಕೂಡಿ ಮಾಡೂಣು."

"ನಿನ್ನ ಕೈಕೆಳಗ ಕೂಡಂತೀಯೇನು?"

"ಕೈಕೆಳಗ ಅಂದವರ್ಯಾರು?"

ಬೀಬಿಜಾನ ಒಳಗೆ ಬಂದು ಮಶೀನಿನ ತಗಡು ಸರಿಸಿ, ಬಾಬಿನ್ ಕೂಡುವ ಪುಟ್ಟ ಡಬ್ಬಿ ಕಿತ್ತು ಸೆರಗಿನ ತುದಿಗೆ ಕಟ್ಟಿಕೊಂಡಳು. ಅದಿಲ್ಲದೆ ಮಶೀನು ಬರೀ ಕಬ್ಬಿಣ. ಮಲಗುವಾಗಲೂ ಆ ಗಂಟು ಬಿಚ್ಚಲಿಲ್ಲ. ಪೀರಾಂಬಿ ಕೇಳಲೂ ಇಲ್ಲ, ಅಳಲೂ ಇಲ್ಲ. ಮರುದಿನದಿಂದ ಬಾಗಿಲ ಬೆಳಕಿಗೆ ಕೂತು ಕೈಯಿಂದಲೇ ಹೊಲಿಯತೊಡಗಿದಳು. ಹೆಂಗಸರು ಬರುತ್ತಲೇ ಇದ್ದರು, ಬೀಬಿಜಾನಳನ್ನು ಕಂಡು ಸೆರಗು ಎಳೆದುಕೊಂಡು, ಗೋಡೆ ಬದಿಗೆ ಸರಿದು ಒಳಗೆ ಹೋಗುತ್ತಿದ್ದರು. ಪೀರಾಂಬಿಯ ಬೆರಳ ತುದಿ ಸೂಜಿ ಚುಚ್ಚಿ ಚುಚ್ಚಿ ಕರ್ರಗಾದದ್ದನ್ನು ನೋಡಿದಾಗ ಬೀಬಿಜಾನಳಿಗೆ ಮರುಕ ಬರಲಿಲ್ಲ. ಇಷ್ಟಾದರೂ ಬಾಗಲಿಲ್ಲವಲ್ಲ ಎಂಬ ಉರಿ ಬಂತು.

ಆ ಉರಿಯನ್ನು ಹೊತ್ತುಕೊಂಡೇ ಅವಳು ಬಬಲೇಶ್ವರದ ಸಂತೆಗೆ ಹೋದಳು. ಪಕ್ಕದಲ್ಲಿ ಬಳೆ ಮಾರುವ ದುಂಡವ್ವ ಕೂಡುತ್ತಿದ್ದಳು. ಅವಳ ಕಿವಿಗೆ ಬಿದ್ದ ಮಾತು ಸಂಜೆಯೊಳಗೆ ಅರಕೇರಿ ಊರನ್ನೂ ದಾಟುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಬೀಬಿಜಾನಳಿಗೂ ಗೊತ್ತು.

"ನಿನ್ನ ನೆಗೆಣ್ಣಿ ಭಾರೀ ಸೋವಿ, ಕಡಿಮಿ ರೊಕ್ಕಕ್ಕ ಹೊಲದು ಕೊಡತಾಳಂತಲ್ಲ ಬೇ," ಎಂದಳು ದುಂಡವ್ವ.

ಬೀಬಿಜಾನ ಪರಕಾರದ ಮಡಿಕೆ ಸರಿಮಾಡುತ್ತ ಅಂದಳು. "ಸೋವಿ ಯಾಕಾಗಬಾರದು? ಅಸ್ತರದ ಬಟ್ಟಿ ಅಕಿ ಎಲ್ಲಿಂದ ತರತಾಳಂತ ಕೇಳಿಯೇನು?"

"ಎಲ್ಲಿಂದ?"

"ನನ್ನ ಬಾಯಿಲೆ ಯಾಕ ಹೇಳಸ್ತಿ. ಕಫನದ ಬಟ್ಟಿ ಅದು. ಹೆಣಕ್ಕ ಹೊದಿಸಾಕ ಹರದು ಉಳದದ್ದು." ಸ್ವಲ್ಪ ತಡೆದು, "ನಾ ಹೇಳೇನಂತ ಹೇಳಬ್ಯಾಡ," ಎಂದಳು.

ದುಂಡವ್ವ ತನ್ನ ಕೆನ್ನೆಗೆ ತಾನೇ ಬಡಿದುಕೊಂಡಳು. ಬೀಬಿಜಾನಳ ಎದೆ ಹಗುರಾಯಿತು. ಆ ದಿನ ಒಂದೇ ಒಂದು ಪರಕಾರ ಮಾರಿದ್ದಳು, ಆದರೂ ಹೊಟ್ಟೆ ತುಂಬಿದವಳ ಹಾಗೆ ಮನೆಗೆ ಬಂದಳು.

ವಾರ ತುಂಬುವುದರೊಳಗೆ ಅಂಗಿಗಳು ವಾಪಸ್ಸು ಬರತೊಡಗಿದವು. ಕೆಲವರು ಅಸ್ತರ ಹರಿದು ತಂದು ಹೊಸ್ತಿಲ ಮೇಲೆ ಒಗೆದರು. ಕೆಲವರು ಅಂಗಿಯನ್ನೇ ಬಿಟ್ಟು ಹೋದರು. ಮಗಳಿಗೆ ಜ್ವರ ಬಂದದ್ದು ಆ ಬಟ್ಟೆಯಿಂದಲೇ ಎಂದು ಒಬ್ಬಳು ಪೀರಾಂಬಿಯ ಮುಖಕ್ಕೆ ಉಗುಳಲು ಬಂದಳು. ಗೈಬುಸಾಬ ಅಡ್ಡ ನಿಂತ. ಪೀರಾಂಬಿ ಬಟ್ಟೆ ತಂದ ಅಂಗಡಿಯ ಹೆಸರು ಹೇಳಿದಳು, ತನ್ನ ಮಗುವಿನ ಮೇಲೆ ಆಣೆ ಹಾಕಿದಳು. ಯಾರೂ ಕಿವಿಗೊಡಲಿಲ್ಲ. ಬೀಬಿಜಾನ ಅಡುಗೆ ಮನೆಯಲ್ಲಿ ರೊಟ್ಟಿ ಬಡಿಯುತ್ತ ಎಲ್ಲವನ್ನೂ ಕೇಳಿದಳು. ಅವಳ ರೊಟ್ಟಿ ಎಂದಿಗಿಂತ ದುಂಡಗೆ ಬರುತ್ತಿದ್ದವು.

ಆದರೆ ಮುಂದಿನ ಸಂತೆಗೆ ತಿಕೋಟಾಕ್ಕೆ ಹೋದಾಗ ಅವಳ ಗೋಣಿತಟ್ಟಿನ ಮುಂದೆ ಪರಸವ್ವ ಒಂದು ಗಂಟು ಇಳಿಸಿದಳು. ಒಳಗೆ ಶಮೀಜು. ಮೂರು ಮಕ್ಕಳಿಗೆ ವರ್ಷ ವರ್ಷ ಕೊಂಡದ್ದು, ತೊಟ್ಟು ಹಳತಾದದ್ದು, ಮಡಿಕೆ ಬಿಚ್ಚದೇ ಇಟ್ಟದ್ದು, ಎಲ್ಲ.

"ಇವನ್ನೂ ಇಟಗೋ ಬೀಬಿಜಾನಕ್ಕ. ಒಂದ ಮನಿ, ಒಂದ ಬಿಳೇ ಬಟ್ಟಿ. ಯಾವುದು ಎಲ್ಲೀದಂತ ನಮಗೇನ್ ಗೊತ್ತು?"

"ನಂದು ಗಿರಣಿ ಬಟ್ಟಿ! ಇಪ್ಪತ್ತು ವರ್ಷ ತೊಟ್ಟೀರಿ!"

"ಅದಕ್ಕ ಮೈ ಜುಮ್ಮಂತೈತಿ," ಎಂದು ಪರಸವ್ವ ತಿರುಗಿ ನೋಡದೆ ಹೋದಳು.

ಅವಳ ಹಿಂದೆ ಇನ್ನಿಬ್ಬರು ಬಂದರು. ಅವರ ಹಿಂದೆ ಇನ್ನೊಬ್ಬಳು. ಅಂದು ಬೀಬಿಜಾನ ತಂದ ಗಂಟಿಗಿಂತ ದೊಡ್ಡ ಗಂಟು ಹೊತ್ತು ಮನೆಗೆ ಬಂದಳು.

ಪೀರಾಂಬಿ ಅಂಗಳದಲ್ಲಿ ಕಾಯುತ್ತಿದ್ದಳು. ಗಂಡಸರು ಗಾದಿ ಮುಟ್ಟಿಸಲು ಹೋಗಿದ್ದರು. ಗಂಟನ್ನು ನೋಡಿ ಅವಳಿಗೆ ಎಲ್ಲ ತಿಳಿಯಿತು.

"ಅಕ್ಕಾ, ಈ ಮಾತು ಎಲ್ಲಿಂದ ಹುಟ್ಟೇತಂತ ನಿಮಗ ಗೊತ್ತೈತಿ," ಎಂದಳು ಮೆಲ್ಲಗೆ. "ಯಾರು ಹುಟ್ಟಿಸ್ಯಾರಂತ ನಾ ಕೇಳಂಗಿಲ್ಲ. ದುಂಡವ್ವನ ಮುಂದ ಒಂದ ಮಾತು ಹೇಳ್ರಿ, ಅದು ಸುಳ್ಳು, ನಮ್ಮ ಮನಿ ಬಟ್ಟಿ ಎಲ್ಲಾ ಅಂಗಡೀದಂತ. ಹಿರ್ಯಾಕಿ ನೀವು, ನಿಮ್ಮ ಮಾತು ನಂಬತಾರ. ಇಬ್ಬರೂ ಉಳಿತೀವಿ."

ಬೀಬಿಜಾನ ಗಂಟು ಇಳಿಸಿದಳು. ಒಂದೇ ಮಾತು ಸಾಕು ಎಂಬುದು ಅವಳಿಗೂ ಗೊತ್ತಿತ್ತು. ಆದರೆ ಆ ಮಾತು ತನ್ನ ಶಮೀಜಿನ ಜೊತೆ ಇವಳ ಅಸ್ತರವನ್ನೂ ತೊಳೆದು ಶುಭ್ರ ಮಾಡುತ್ತದೆ. ಮತ್ತೆ ಅದೇ ಹೆಂಗಸರು ಗೋಡೆ ಬದಿಗೆ ಸರಿದು ಇವಳ ಬಾಗಿಲಿಗೆ ಹೋಗುತ್ತಾರೆ. ಅಷ್ಟು ನೆನೆದದ್ದೇ ತಡ, ಮನಸ್ಸು ಕಲ್ಲಾಯಿತು.

"ನನಗೇನ್ ಗೊತ್ತಿಲ್ಲ. ಇದ್ದರೂ ಇರಬಹುದು ಕಫನದ್ದು. ನೀ ತರೂವಾಗ ನಾ ನೋಡಾಕ ಬಂದಿದ್ನೇನು?"

"ಆತು ಬಿಡ್ರಿ," ಎಂದು ಪೀರಾಂಬಿ ಒಳಗೆ ಹೋದಳು. ಆವತ್ತಿನಿಂದ ಅವಳ ಬಾಯಲ್ಲಿ ಅಕ್ಕಾ ಎಂಬ ಮಾತು ಬರಲಿಲ್ಲ.

ಒಂದು ತಿಂಗಳು ಪೀರಾಂಬಿ ಸೂಜಿ ಮುಟ್ಟಲಿಲ್ಲ. ಆಮೇಲೆ ತವರಿನಿಂದ ಹಳೇ ಮಶೀನೊಂದನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ತಂದಳು. ಅದರ ಜೊತೆಗೆ ಗುಲಾಬಿ, ಹಳದಿ, ನೀಲಿ ಬಟ್ಟೆಯ ಸುರುಳಿಗಳು ಬಂದವು. ಬಿಳಿಯ ಒಂದು ಚೂರೂ ಇರಲಿಲ್ಲ. ಗಿರಾಕಿ ಬಂದರೆ ಮೊದಲು ಅಸ್ತರ ತೋರಿಸುವಳು. "ನೋಡ್ರಿ, ಗುಲಾಬಿ ಕಫನ ಎಲ್ಲಾದರೂ ಕಂಡೀರೇನು?" ಹೆಂಗಸರಿಗೆ ನಗು ಬರುತ್ತಿತ್ತು. ನಕ್ಕ ಮೇಲೆ ಅಂಜಿಕೆ ಎಲ್ಲಿಯದು? ದೀಪಾವಳಿಯ ಹೊತ್ತಿಗೆ ಅವಳ ಬಾಗಿಲಲ್ಲಿ ಚಪ್ಪಲಿ ಬಿಡಲು ಜಾಗವಿರಲಿಲ್ಲ.

"ನೀನೂ ಬಣ್ಣದ ಶಮೀಜು ಹೊಲಿಯಲ್ಲ," ಎಂದ ಅಮೀನಸಾಬ ಒಮ್ಮೆ.

"ಬಣ್ಣದ್ದು ಹೊಲದ್ರ ನನ್ನ ಬಿಳೇದು ಕಫನಾನ ಇತ್ತಂತ ನಾನ ಒಪ್ಪಿಕೊಂಡಂಗ ಆಗತೈತಿ," ಎಂದಳು ಬೀಬಿಜಾನ.

ಎರಡು ವರ್ಷ ಹಟ ಹಿಡಿದು ಅದೇ ಬಿಳಿ ಗಂಟು ಹೊತ್ತು ಸಂತೆಯಿಂದ ಸಂತೆಗೆ ತಿರುಗಿದಳು. ಕೊಂಡವರು ವಯಸ್ಸಾದ ಹೆಂಗಸರು, ಅದೂ ಪರಕಾರ ಮಾತ್ರ. ಹುಡುಗಿಯರು ಅವಳ ಮುಂದೆಯೇ ಕಿಸಿಕಿಸಿ ನಗುತ್ತ ಹಾದುಹೋದರು. ಮಳೆಗಾಲದಲ್ಲಿ ಗಂಟಿನ ತಳದ ಶಮೀಜುಗಳಿಗೆ ಬೂಸರು ಹಿಡಿಯಿತು. ಕೊನೆಗೊಂದು ದಿನ ಅವಳು ಕತ್ತರಿ ಹಿಡಿದು ಅಂಗಳದಲ್ಲಿ ಕೂತಳು. ಶಮೀಜಿನ ಪಟ್ಟಿ ಕತ್ತರಿಸಿ, ಕೊರಳು ಮುಚ್ಚಿ ಹೊಲಿದು, ದಿಂಬಿನ ಒಳಚೀಲ ಮಾಡಿ ಗಂಡನ ಕಡೆಗೆ ಒಗೆದಳು.

ಅಮೀನಸಾಬ ಒಂದರಲ್ಲಿ ಅರಳೆ ತುಂಬುತ್ತ ಕೇಳಿದ, "ಖರೇ ಹೇಳು. ಆ ಕಫನದ ಮಾತು ಹೇಳಿದಾಕಿ ನೀನನು?"

ಎರಡು ವರ್ಷ ಅವನು ಕೇಳಿರಲಿಲ್ಲ. ಬೀಬಿಜಾನ ಕತ್ತರಿ ನಿಲ್ಲಿಸಲಿಲ್ಲ.

"ಹೂಂ. ನಾನ."

"ಯಾಕ?"

"ಅಕಿ ಉಳೀಬಾರದಂತ."

"ಅಕಿ ಉಳದಾಳಲ್ಲ."

"ಅದಽ ಬ್ಯಾನಿ," ಎಂದಳು ಬೀಬಿಜಾನ.

ಅಮೀನಸಾಬ ಅರ್ಧ ತುಂಬಿದ ಚೀಲ ಕೆಳಗಿಟ್ಟು ಎದ್ದು ಹೋದ. ಆ ಸಂಜೆ ತಮ್ಮನ ಜೊತೆ ಗುಸುಗುಸು ಮಾತಾಡಿದ. ಮರುದಿನ ಇಬ್ಬರೂ ಕೂಡಿ ಇಟ್ಟಂಗಿ ತಂದು ಅಂಗಳದ ನಡುವೆ ಗೋಡೆ ಎಬ್ಬಿಸಲು ನಿಂತರು. ಒಲೆ ಎರಡಾಯಿತು. ನೀರಿನ ನಲ್ಲಿ ಮಾತ್ರ ಬೀದಿಯಲ್ಲಿತ್ತು, ಅದನ್ನು ಸೀಳುವ ಹಾಗಿರಲಿಲ್ಲ.

ಮೂರನೆಯ ಬೆಳಿಗ್ಗೆ ನಲ್ಲಿಯ ಹತ್ತಿರ ಇಬ್ಬರೂ ಎದುರಾದರು. ಪೀರಾಂಬಿಯ ಕೊಡ ತುಂಬುತ್ತಿತ್ತು. ಸುತ್ತ ಬೇರೆ ಯಾರೂ ಇರಲಿಲ್ಲ.

"ನನಗ ಆವತ್ತೇ ಗೊತ್ತಿತ್ತು," ಎಂದಳು ಪೀರಾಂಬಿ, ನೀರನ್ನು ನೋಡುತ್ತ. "ನೀವ ಒಪ್ಪಿಕೊಂಡೀರಂತ ನಮ್ಮನಿಯವರು ಹೇಳಿದ್ರು. ಮಾಫಿ ಕೇಳಾಕ ಬರಬ್ಯಾಡ್ರಿ. ನಾ ಮಾಫ್ ಮಾಡಂಗಿಲ್ಲ."

"ಕೇಳಾಕ ಬಂದಾಕಿ ಯಾರು?" ಎಂದಳು ಬೀಬಿಜಾನ.

ಪೀರಾಂಬಿ ತುಂಬಿದ ಕೊಡವನ್ನು ಸೊಂಟಕ್ಕೆ ಏರಿಸಿಕೊಂಡು ಹೋದಳು. ಬೀಬಿಜಾನ ತನ್ನ ಕೊಡವನ್ನು ನಲ್ಲಿಯ ಕೆಳಗೆ ದೂಡಿ, ತುಂಬುವ ತನಕ ಅವಳ ಬೆನ್ನನ್ನೇ ದುರುಗುಟ್ಟಿ ನೋಡುತ್ತ ನಿಂತಳು.