ಅರ್ಧ ಟಿಕೆಟ್ಟಿನ ಗಡಿಗೆ

ಅಣ್ಣಾರಾಯ ಒಂದು ಕೈಯಲ್ಲಿ ಧೋತರದ ಚುಂಗು ಹಿಡಿದು, ಇನ್ನೊಂದು ಕೈಯಿಂದ ಗೋಡೆಯ ಮಾಡದಲ್ಲಿದ್ದ ಕಂದು ಗಡಿಗೆಯನ್ನು ಎಳೆದೇ ಬಿಟ್ಟ.

"ಅಪ್ಪಾ, ದೊಡ್ಡವ್ವನ ಸಾಮಾನು ಅದು. ಸೀಮಕ್ಕ ಸುಮ್ಮನ ಬಿಡ್ತಾಳೇನು?" ಎಂದ ಮಗ ಕಲ್ಯಾಣಕುಮಾರ.

"ಕುಂಬಾರನ ಮನಿಗೆ ಕೀಲಿ ಬಿದ್ದದ, ಘತ್ತರಗಿಗೆ ಹೋಗ್ಯಾನಂತ. ಅಲ್ಲೀತನಕ ಹೆಣ ಕಾಯ್ತದೇನಲೇ? ಚಂದನ್ನವೆಲ್ಲ ಬಿಟ್ಟು ಬರೀ ಮಣ್ಣಿಂದು ಒಂದೇ ತಗೊಂಡೇನಿ. ನನಗೂ ಕಣ್ಣು ಅವ."

ಆ ಕೋಣೆಯಲ್ಲಿ ಪಿಂಗಾಣಿಯಿಲ್ಲದ ಜಾಗವೆಂದರೆ ಒಂದು ಹಲ್ಲಿ ಕೂರುವಷ್ಟು ಮಾತ್ರ. ಆಳಂದದ ಗುಜರಿಯಿಂದ ಬಂದ ನೀಲಿ ಹೂದಾನಿ, ಅಫಜಲಪುರದ ಸಂತೆಯ ಹಸಿರು ಮೀನು, ಕತ್ತು ವಾಲಿದ ಹಾಲುಬಿಳಿ ಹೂಜಿ. ಎಲ್ಲವೂ ಅರವತ್ತು ಎಪ್ಪತ್ತು ವರ್ಷದ ಹಿಂದಿನ ಕೈಗೆಲಸ. ಅಷ್ಟು ಸಾಮಾನಿನಲ್ಲಿ ಅಣ್ಣಾರಾಯ ಆರಿಸಿದ್ದು ಸತ್ತ ಅತ್ತಿಗೆ ಗಂಗಾಬಾಯಿ ಪ್ರಾಣಕ್ಕಿಂತ ಹೆಚ್ಚಾಗಿ ಕಾಯ್ದ ಒಂದನ್ನೇ. ಕುರುಡನೂ ಇಷ್ಟು ಗುರಿಯಿಟ್ಟು ತಪ್ಪು ಮಾಡಲಾರ.

ಅಂಗಳದಲ್ಲಿ ಮಣ್ಣೂರಿಗೆ ಮಣ್ಣೂರೇ ನೆರೆದಿತ್ತು. ಭೀಮಾ ನದಿಯೊಂದು ಬಂದಿರಲಿಲ್ಲ. ಬಂದಿದ್ದರೂ ಕೂರಲು ಜಾಗವಿರಲಿಲ್ಲ. ಗಂಗಾಬಾಯಿಯ ಒಬ್ಬಳೇ ಮಗಳು ಸೀಮಾ ಒಳಗೆ ತಾಯಿಗೆ ಸೀರೆ ಉಡಿಸುತ್ತಿದ್ದಳು. "ನೀರಿನ ಗಡಿಗಿ ನಾ ಹೊರ್ತೇನಿ," ಎಂದು ಬೆಳಿಗ್ಗೆಯೇ ಸಾರಿದ್ದಳು.

"ಹೆಣ್ಣುಮಕ್ಕಳು ಸುಡುಗಾಡಿಗೇ ಬರಬಾರದು, ಗಡಿಗಿ ಎಲ್ಲಿಂದ ಹೊರ್ತಿ?" ಎಂದಿದ್ದ ಅಣ್ಣಾರಾಯ.

ಸೀಮಾ ಜೇವರ್ಗಿಯಲ್ಲಿ ಕರೆಂಟಿನ ಲೈನ್ ರಿಪೇರಿ ಮಾಡುವವಳು. "ಕಂಬ ಹತ್ತಾಕ ನಾ ಬೇಕು ಕಾಕಾ, ನಮ್ಮವ್ವಗ ನೀರು ಬಿಡಾಕ ಬ್ಯಾಡೇನು?"

ಈಗ ಅಣ್ಣಾರಾಯ ಗಡಿಗೆಯನ್ನು ಟವೆಲಿನಲ್ಲಿ ಸುತ್ತಿ, ಹೆಣಕ್ಕಿಂತ ಮುಂಚೆಯೇ ಹಿತ್ತಲ ಬಾಗಿಲಿನಿಂದ ನದಿಗೆ ನಡೆದ.

*

ಮೂವತ್ತು ವರ್ಷದ ಹಿಂದೆ ಜೇವರ್ಗಿಯಲ್ಲಿ ಡಾಕ್ಟರೊಬ್ಬರ ಹಳೆಯ ವಾಡೆ ಕೆಡವುತ್ತಿದ್ದರು. ಗುಜರಿಯ ಶರಫುದ್ದೀನ ಸಾಮಾನು ಗಾಡಿಗೇರಿಸುತ್ತಿದ್ದ. ಗಂಗಾಬಾಯಿ ಈ ಗಡಿಗೆಯನ್ನು ಬೋರಲು ಮಾಡಿ ನೋಡಿದಳು. ತಳದಲ್ಲಿ ಮಾಡಿದವನ ಹೆಬ್ಬೆರಳ ಗುರುತು, ಪಕ್ಕದಲ್ಲಿ ೧೯೫೮. ಕಲ್ಲಾಗುವಷ್ಟು ಸುಟ್ಟ ಮೈಗೆ ಹೊಳಪಿಲ್ಲದ ಬೆಲ್ಲದ ಬಣ್ಣ. ಬಿಸಿಲಿಗೆ ಹಿಡಿದರೆ ಮಾತ್ರ ಅದರಡಿಯಿಂದ ಹಸಿರು ಇಣುಕುತ್ತಿತ್ತು.

"ಪುಕ್ಕಟ್ ಒಯ್ರಿ ಬಾಯಿ, ಇದನ್ನ ಯಾರು ಕೇಳ್ತಾರ?" ಎಂದ ಶರಫುದ್ದೀನ.

"ಪುಕ್ಕಟ್ ಒಯ್ದ್ರ ಇದರ ಮರ್ಯಾದಿ ಹೋಗ್ತದ ಭಾಯಿ."

ಕಲಾಯಿ ಹಾಕಿಸಲು ತಂದಿದ್ದ ತವರಿನ ತಾಮ್ರದ ಕೊಡವನ್ನು ಅವನ ಮುಂದಿಟ್ಟು ಬಸ್ ಹತ್ತಿದಳು.

"ತೊಡಿಮ್ಯಾಲ ಕೂಸೇನ್ರಿ ಅಕ್ಕಾರ?" ಎಂದು ಕಂಡಕ್ಟರ್ ಚುಡಾಯಿಸಿದ.

"ಹೌದ್ರಿ, ಅರ್ಧ ಟಿಕೆಟ್ ಕೊಡ್ರಿ."

ಕೊಟ್ಟ! ಸುಳ್ಳೆನ್ನುವವರು ಆ ಕಂಡಕ್ಟರನನ್ನೇ ಹುಡುಕಿ ಕೇಳಲಿ.

ಮನೆಯಲ್ಲಿ ಅಣ್ಣಾರಾಯ ಹೊಟ್ಟೆ ಹಿಡಿದು ನಕ್ಕ. "ವೈನಿ, ತಾಮ್ರ ಕೊಟ್ಟು ಮಣ್ಣು ತಂದೀರೇನು? ಮಣ್ಣೂರಾಗ ಮಣ್ಣು ಕಮ್ಮಿ ಬಿದ್ದಿತ್ತಾ?"

"ಮಣ್ಣು ಬೇಕಾದಷ್ಟು ಅದ ಅಣ್ಣಾರಾಯಾ. ನೋಡೋ ಕಣ್ಣು ಕಮ್ಮಿ ಬಿದ್ದಾವ."

ಅಂದಿನಿಂದ ಪ್ರತಿ ಅಮಾವಾಸ್ಯೆಗೆ ತಾಯಿ ಮಗಳು ಅದನ್ನು ತೊಳೆದು ಬಿಸಿಲಿಗಿಟ್ಟು, ಬೆರಳಿನಿಂದ ಬಡಿದು ಅದರ ನಾದ ಕೇಳುತ್ತಿದ್ದರು.

*

ಭೀಮೆಯ ದಂಡೆಯಲ್ಲಿ ಚಿತೆ ಸಿದ್ಧವಾಗಿತ್ತು. ನೀರು ತುಂಬಿದ ಗಡಿಗೆಯನ್ನು ಹೆಗಲಿಗೇರಿಸುವಾಗ, ಹರೆಯದಲ್ಲಿ ಎತ್ತನ್ನೇ ಎತ್ತಿದ್ದೆನೆಂದು ಹೇಳಿಕೊಳ್ಳುವ ಅಣ್ಣಾರಾಯ ಮಗನ ಭುಜಕ್ಕೆ ಆತುಕೊಂಡ. ಮೂರು ಸುತ್ತು, ಸುತ್ತಿಗೊಂದು ತೂತು, ಕೊನೆಗೆ ಹಿಂದಕ್ಕೆ ಎಸೆದು ಒಡೆಯಬೇಕು. ಕಲ್ಯಾಣಕುಮಾರ ಹಿಂದಿನಿಂದ ಕಲ್ಲಿನಲ್ಲಿ ಬಡಿದ.

ಟಣ್!

ಗಡಿಗೆ ಅಲ್ಲಾಡಲಿಲ್ಲ. ಕಲ್ಲಿನ ಮೂಲೆ ಹಾರಿತು. ಆ ಸದ್ದಿಗೆ ಅಷ್ಟು ದೂರದ ಸೊನ್ನದ ಬ್ಯಾರೇಜಿನ ಮೇಲಿದ್ದ ಕೊಕ್ಕರೆಗಳೂ ಎದ್ದವು.

"ಜೋರ ಹೊಡಿಲೇ! ರೊಟ್ಟಿ ತಿಂದಿಲ್ಲೇನು?"

"ಮನ್ಯಾಗ ಹೆಣ ಇಟ್ಕೊಂಡು ಯಾರ ತಿಂದಾರಪ್ಪಾ?"

ಟಣ್!

ಯಾರೂ ಕರೆಯದಿದ್ದರೂ ಹೆಣದ ಹಿಂದೆಯೇ ಬಂದು, ನೆರೆಮನೆಯ ಗುರುಬಾಯಿಯೊಡನೆ ದೂರ ನಿಂತಿದ್ದ ಸೀಮಾ ಆ ನಾದಕ್ಕೆ ತಟ್ಟನೆ ತಲೆಯೆತ್ತಿದಳು. ಅಷ್ಟರಲ್ಲಿ ಕಲ್ಯಾಣಕುಮಾರ ತೆಂಗಿನಕಾಯಿಯಷ್ಟು ದೊಡ್ಡ ಕಲ್ಲು ಎತ್ತಿದ್ದ. ಓಡಿಬಂದವಳೇ ಅವನ ಮಣಿಕಟ್ಟು ಹಿಡಿದಳು.

"ಇಡು ಕೆಳಗ."

"ಸೀಮಾ!" ಅಣ್ಣಾರಾಯ ಗುಡುಗಿದ. "ಗಡಿಗಿ ಒಡಿಲಿಲ್ಲಂದ್ರ ಸತ್ತವರು ಮನಿ ಬಿಟ್ಟು ಹೋಗಂಗಿಲ್ಲ!"

"ಹೋಗೂದು ಬ್ಯಾಡ. ಆಕಿದೇ ಮನಿ ಅದು. ಕೊಡ್ರಿ ಇಲ್ಲಿ."

ಗಂಡಸರಲ್ಲಿ ಗುಸುಗುಸು ಎದ್ದಿತು. ಗುರುಬಾಯಿ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದಳು. "ಕೊಟ್ಟುಬಿಡು ಅಣ್ಣಾರಾಯಾ. ನಿನ್ನ ಹೆಗಲು ಆಗಲೇ ಸೋತದ."

ಯಾರೋ ಟವೆಲಿನೊಳಗೆ ಕಿಸಕ್ಕೆಂದರು. ಅಣ್ಣಾರಾಯನ ಹಿಡಿತ ಸಡಿಲಾಯಿತು.

ಸೀಮಾ ಗಡಿಗೆಯನ್ನು ಹೆಗಲಿಗೇರಿಸಿ, ತೂತಿಲ್ಲದೆ ಗಡಿಗೆಯ ಬಾಯಿಂದಲೇ ನೀರು ಸುರಿಸುತ್ತ ಮೂರು ಸುತ್ತು ಬಂದಳು. ನೀರಿನ ಗೆರೆ ಒಂದೆಡೆಯೂ ಕಡಿಯಲಿಲ್ಲ. ಕೊನೆಯ ಹನಿಗಳನ್ನು ತಾಯಿಯ ಪಾದಕ್ಕೆ ಬಿಟ್ಟು, ಬೆಂಕಿಯಿಟ್ಟಳು. ಊರೆಲ್ಲ ಒಡೆಯುವ ಸದ್ದಿಗೆ ಕಿವಿಗೊಟ್ಟು ನಿಂತಿತು.

ಅವಳು ಗಡಿಗೆಯನ್ನು ಸೊಂಟಕ್ಕಿಟ್ಟು, ತಿರುಗಿ ನೋಡದೆ ಊರ ದಾರಿ ಹಿಡಿದಳು, ದಿನದ ನೀರಿಗೆ ಬಂದು ಹೋಗುವವಳ ಹಾಗೆ. ಹಿಂದೆ ಬರಿಗೈ ಬೀಸುತ್ತ ಗಂಡಸರು. ಎಲ್ಲರಿಗಿಂತ ಕೊನೆಗೆ ಅಣ್ಣಾರಾಯ, ಒದ್ದೆಯಾದ ಹೆಗಲನ್ನು ಉಜ್ಜಿಕೊಳ್ಳುತ್ತ.